ಫರೋಹನ ಹೃದಯ

ಬೈಬಲಿನ ವಿಮೋಚನಕಾಂಡವನ್ನು ಓದುವವರನ್ನು ಬಹುಕಾಲದಿಂದ ಕಾಡುತ್ತ ಬಂದ ಪ್ರಶ್ನೆಯೊಂದುಂಟು. ಇಸ್ರಯೇಲರನ್ನು ದಾಸ್ಯದಿಂದ ಬಿಟ್ಟುಕೊಡೆಂದು ಕೇಳಲು ದೇವರು ಮೋಶೆಯನ್ನು ಈಜಿಪ್ಟಿನ ಅರಸನಾದ ಫರೋಹನಲ್ಲಿಗೆ ಕಳುಹಿಸುತ್ತಾನೆ; ಆದರೆ ಅರಸನ ಹೃದಯವನ್ನು ತಾನೇ ಕಠಿನಗೊಳಿಸುವೆನೆಂದು ಮೊದಲೇ ತಿಳಿಸಿಬಿಡುತ್ತಾನೆ. ಹಾಗಿದ್ದಮೇಲೆ ಫರೋಹನ ಅಪರಾಧವೇನು? ಸೂತ್ರದ ಗೊಂಬೆಯನ್ನು ದಂಡಿಸುವುದು ಯಾವ ನ್ಯಾಯ?

ಉತ್ತರಕ್ಕೆ ಮುನ್ನ ಕಥೆಯ ನಡೆಯನ್ನು ಗಮನಿಸೋಣ. ಈಜಿಪ್ಟಿನ ಮೇಲೆ ಹತ್ತು ಪಿಡುಗುಗಳು ಎರಗುತ್ತವೆ. ಮೊದಲ ಐದರಲ್ಲಿ ಅರಸನ ಹೃದಯ ಕಠಿನವಾಯಿತೆಂದೋ, ಅವನೇ ಅದನ್ನು ಕಠಿನ ಮಾಡಿಕೊಂಡನೆಂದೋ ಹೇಳಿದೆ. ದೇವರು ಕಠಿನಗೊಳಿಸಿದನೆಂಬ ಮಾತು ಈ ಸಾಲಿನಲ್ಲಿ ಮೊದಲು ಬರುವುದು ಆರನೆಯದಾದ ಹುಣ್ಣುಗಳ ಪಿಡುಗಿನಲ್ಲಿ. ಅಷ್ಟರೊಳಗೆ ಅರಸನ ಸ್ವಭಾವ ನಮಗೆ ಪರಿಚಿತವಾಗಿರುತ್ತದೆ. ಹಾಸಿಗೆಯಲ್ಲೂ ಹಿಟ್ಟು ನಾದುವ ಪಾತ್ರೆಯಲ್ಲೂ ಕಪ್ಪೆಗಳು ತುಂಬಿರುವಾಗ, ಇವು ಎಂದು ತೊಲಗಬೇಕೆಂದು ಮೋಶೆ ಕೇಳಿದರೆ, ಅವನು ಕೊಡುವ ಉತ್ತರ 'ನಾಳೆ'! ಕಪ್ಪೆಗಳು ಸತ್ತು ಬಿಡುವು ದೊರೆತೊಡನೆ ಕೊಟ್ಟ ಮಾತನ್ನು ಮುರಿಯುತ್ತಾನೆ. ಮುಂದೆ ಆಲಿಕಲ್ಲು ಸುರಿದಾಗ ತನ್ನ ಪಾಪವನ್ನು ಒಪ್ಪಿಕೊಂಡು, ಆಕಾಶ ತಿಳಿಯಾದಮೇಲೆ ಮತ್ತೆ ಮೊದಲಿನಂತಾಗುತ್ತಾನೆ.

ಮೂರನೆಯ ಶತಮಾನದ ಒರಿಜೆನ್ ಇದಕ್ಕೊಂದು ಉಪಮಾನ ಕೊಟ್ಟನು: ಒಂದೇ ಬಿಸಿಲಿಗೆ ಮೇಣ ಕರಗುತ್ತದೆ, ಕೆಸರು ಗಟ್ಟಿಯಾಗುತ್ತದೆ. ದೇವರು ಕಠಿನಗೊಳಿಸುವುದೆಂದರೆ ಕೇಡನ್ನು ತುಂಬುವುದಲ್ಲ, ಕರುಣೆಯನ್ನು ತಡೆಹಿಡಿಯುವುದು ಎಂದರು ಸಂತ ಅಗಸ್ಟೀನರು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ಹೋಲಿಕೆಯಲ್ಲಿ, ಕಿಟಕಿ ಮುಚ್ಚಿದ ಮನೆ ಸೂರ್ಯನಿದ್ದೂ ಕತ್ತಲಾಗಿರುತ್ತದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಸೂರ್ಯನು ವಿವೇಚಿಸಿ ಬೆಳಕನ್ನು ತಡೆಯುವುದಿಲ್ಲ. ದೇವರಾದರೋ, ಅಡ್ಡಿಯೊಡ್ಡಿದವನಿಂದ ವರಪ್ರಸಾದವನ್ನು ತನ್ನ ತೀರ್ಪಿನಿಂದಲೇ ಹಿಂತೆಗೆಯುತ್ತಾನೆ ಎಂದರು. ಹೀಗೆ ದೇವರ ಒಡೆತನವೂ ಉಳಿಯಿತು, ಮನುಷ್ಯನ ಹೊಣೆಯೂ ಉಳಿಯಿತು.

ಈ ಎರಡನ್ನೂ ಬಿಟ್ಟುಕೊಡದಿರುವುದೇ ಕಥೋಲಿಕ ನಿಲುವು. ದೇವರ ಪ್ರೇರಣೆಗೆ ಮನುಷ್ಯನು ಸಮ್ಮತಿಸಬಲ್ಲನು, ಬೇಡವೆಂದರೆ ನಿರಾಕರಿಸಲೂ ಬಲ್ಲನು ಎಂದು ಟ್ರೆಂಟ್ ಮಹಾಸಭೆ 1547ರಲ್ಲಿ ಸಾರಿತು. ಇವೆರಡೂ ಹೊಂದಿಕೊಳ್ಳುವ ಬಗೆ ಹೇಗೆಂದು ಡೊಮಿನಿಕನ್ ಮತ್ತು ಯೇಸುಸಭೆಯ ಪಂಡಿತರು ವರ್ಷಗಟ್ಟಲೆ ವಾದಿಸಿದರು. 1607ರಲ್ಲಿ ಐದನೆಯ ಪೌಲ್ ಪೋಪರು ಯಾರನ್ನೂ ಖಂಡಿಸದೆ ಆ ವಿಚಾರಣೆಯನ್ನು ಮುಗಿಸಿದರು. ಮೊದಲೇ ನುಡಿದ ಮಾತಿನ ತೊಡಕಿಗೆ 1992ರ ಧರ್ಮೋಪದೇಶ ಗ್ರಂಥದಲ್ಲಿ ಒಂದು ದಾರಿಯಿದೆ. ದೇವರಿಗೆ ಎಲ್ಲ ಕಾಲವೂ ವರ್ತಮಾನ. ಅವನ ಸಂಕಲ್ಪದೊಳಗೆ ಪ್ರತಿಯೊಬ್ಬನ ಸ್ವತಂತ್ರವಾದ ಉತ್ತರವೂ ಸೇರಿಯೇ ಇರುತ್ತದೆ.

ಈ ಕಾಠಿನ್ಯ ಪರರಾಜನೊಬ್ಬನದೇ ಎಂದು ಬೈಬಲ್ ಭಾವಿಸಿಲ್ಲ. ಕಥೋಲಿಕ ಗುರುಗಳು ಮುಂಜಾನೆಯ ಪ್ರಾರ್ಥನೆಯ ಮೊದಲಲ್ಲಿ ಹೇಳುವ 95ನೆಯ ಕೀರ್ತನೆಯು, ಬಿಡುಗಡೆ ಹೊಂದಿದ ಇಸ್ರಯೇಲರೇ ಮರುಭೂಮಿಯಲ್ಲಿ ಹಟ ಹಿಡಿದುದನ್ನು ನೆನೆಯುತ್ತದೆ. ಹೃದಯವನ್ನು ಕಲ್ಲಾಗಿಸಿಕೊಳ್ಳಬೇಡಿರೆಂಬ ಅದರ ಎಚ್ಚರಿಕೆ ತನ್ನವರಿಗೇ. ಫರೋಹನು 'ನಾಳೆ' ಎಂದನು. ಆ ಕೀರ್ತನೆ ಕೇಳುವುದು 'ಇಂದು'.