ಮಾರ್ಗದರ್ಶಕನಿಲ್ಲದ ಬೇಟೆ

ಬೇಟೆಯೆಂದೊಡನೆ ಬಂದೂಕು, ಗುರಿ, ಸಾಹಸ ಇವಿಷ್ಟನ್ನೇ ನಾವು ನೆನೆಯುತ್ತೇವೆ. ಆದರೆ ಅಮೆರಿಕದ ಅಲಾಸ್ಕಾ ರಾಜ್ಯದ ಕ್ಯಾರಿಬೂ ಬೇಟೆಯ ಕ್ರಮವನ್ನು ತಿಳಿದರೆ, ಗುಂಡು ಹಾರಿದ ಬಳಿಕವೇ ಬೇಟೆಗಾರನ ನಿಜವಾದ ಪರೀಕ್ಷೆ ಮೊದಲಾಗುವುದೆಂದು ನಮಗೆ ಮನವರಿಕೆಯಾಗುತ್ತದೆ.

ಕ್ಯಾರಿಬೂ ಹಿಮಸಾರಂಗದ ಜಾತಿಗೆ ಸೇರಿದ ಮೃಗ. ಇದರಲ್ಲಿ ಹೆಣ್ಣಿಗೂ ಕೊಂಬುಂಟು. ಋತುವಿಗೆ ತಕ್ಕಂತೆ ಹಿಂಡುಹಿಂಡಾಗಿ ನೂರಾರು ಮೈಲಿ ಸಂಚರಿಸುವುದು ಇದರ ಸ್ವಭಾವ. ಬೇರೆ ರಾಜ್ಯಗಳ ಅಮೆರಿಕನ್ನರು ಮಾರ್ಗದರ್ಶಕನಿಲ್ಲದೆಯೇ ಇದನ್ನು ಬೇಟೆಯಾಡಬಹುದು. ಚಿಕ್ಕ ವಿಮಾನವೊಂದು ಅವರನ್ನು ರಸ್ತೆಯಿಲ್ಲದ ಬಯಲಿನಲ್ಲಿ ಇಳಿಸಿ ಹಿಂದಿರುಗುತ್ತದೆ. ಮಂಜು ಮುಸುಕಿದರೆ ಗೊತ್ತಾದ ದಿನ ಅದು ಬಾರದೆಯೂ ಹೋಗಬಹುದು. ಆದುದರಿಂದ ಹೆಚ್ಚಿನ ಆಹಾರವು ಜೊತೆಯಲ್ಲಿರಬೇಕು.

ಕಾವಲಿಲ್ಲದ ಆ ಬಯಲಿಗೂ ಕಾನೂನುಂಟು. ವಿಮಾನದಲ್ಲಿ ಬಂದಿಳಿದ ದಿನವೇ ಬೇಟೆಯಾಡುವುದು ಸಾಮಾನ್ಯವಾಗಿ ನಿಷಿದ್ಧ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಬಲಿತ ಗಂಡು ಕ್ಯಾರಿಬೂ ಸುಮಾರು 350ರಿಂದ 400 ಪೌಂಡು ತೂಗುತ್ತದೆ. ಅದರ ಮಾಂಸವನ್ನು ತುಂಡುಮಾಡಿ, ಕೆಸರುನೆಲವನ್ನು ತುಳಿಯುತ್ತ, ಕರಡಿಗಳ ಭಯದ ನಡುವೆ ವಿಮಾನದ ತಾಣಕ್ಕೆ ಬೆನ್ನಮೇಲೆ ಹೊತ್ತು ತರಬೇಕು. ಮಾಂಸಕ್ಕಿಂತ ಮೊದಲು ಕೊಂಬನ್ನು ಸಾಗಿಸುವಂತಿಲ್ಲ!

ಈ ಸಂಯಮವೇಕೆ? ಪಶ್ಚಿಮ ಆರ್ಕ್ಟಿಕ್ ಹಿಂಡಿನಲ್ಲಿ 2003ರಲ್ಲಿ ಸುಮಾರು 4,90,000 ಮೃಗಗಳಿದ್ದವು. 2023ರ ಗಣತಿಯಲ್ಲಿ ಸುಮಾರು 1,52,000 ಮಾತ್ರ ಉಳಿದಿದ್ದವು. ಅಲ್ಲಿಯ ಇನ್ಯೂಪಿಯಾಟ್ ಜನರಿಗೆ ಕ್ಯಾರಿಬೂ ತಲೆತಲಾಂತರದ ಆಹಾರ. ಒಬ್ಬನಿಗೆ ಗೋಡೆಯ ಅಲಂಕಾರವಾಗುವ ಮೃಗವು ಇನ್ನೊಬ್ಬನಿಗೆ ಚಳಿಗಾಲದ ಊಟ. ಮಾರ್ಗದರ್ಶಕನಿಲ್ಲದವನಿಗೆ ಈ ತಿಳಿವಳಿಕೆಯೇ ಮಾರ್ಗದರ್ಶಕ.