ತಂತಿ ಎಳೆಯುವ ಮೊದಲು ವಿಳಾಸ ಹಂಚಿ

ಕಚೇರಿಯ ಪ್ರಿಂಟರ್ ನಿನ್ನೆ ಸರಿಯಾಗಿತ್ತು, ಇವತ್ತು ಮುದ್ರಿಸುತ್ತಿಲ್ಲ. ಕೇಬಲ್ ಸರಿಯಿದೆ, ಪ್ರಿಂಟರೂ ಕೆಟ್ಟಿಲ್ಲ. ಅದರ ಐಪಿ ವಿಳಾಸವನ್ನೇ ರೂಟರ್ ಯಾವುದೋ ಹೊಸ ಲ್ಯಾಪ್‌ಟಾಪಿಗೂ ಕೊಟ್ಟುಬಿಟ್ಟಿದೆ. ವಿಳಾಸಗಳನ್ನು ಯಾರೂ ಕೂತು ಹಂಚದಿದ್ದರೆ ಇಂಥ ತಕರಾರು ತಪ್ಪಿದ್ದಲ್ಲ.

32 ಬಿಟ್‌ಗಳ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಖಾಸಗಿ ನೆಟ್‌ವರ್ಕ್‌ಗಳು ಯಾರನ್ನೂ ಕೇಳದೆ ಬಳಸಿಕೊಳ್ಳಲೆಂದು 1996ರ ಆರ್‌ಎಫ್‌ಸಿ 1918 ಮೂರು ಶ್ರೇಣಿಗಳನ್ನು ಮೀಸಲಿಟ್ಟಿದೆ. 192.168ರಿಂದ ಶುರುವಾಗುವುದು ಅದರಲ್ಲೊಂದು.

ಒಂದು ಪ್ರೌಢಶಾಲೆಯನ್ನು ತೆಗೆದುಕೊಳ್ಳೋಣ. ಲ್ಯಾಬಿನಲ್ಲಿ 50 ಕಂಪ್ಯೂಟರ್. ಕಚೇರಿಯಲ್ಲಿ ಪ್ರಿಂಟರೂ ಸೇರಿ 25 ಸಾಧನ. 12 ಸಿಸಿಟಿವಿ ಕ್ಯಾಮೆರಾ, ಅವಕ್ಕೊಂದು ರೆಕಾರ್ಡರ್. ನಮ್ಮ ಕೈಯಲ್ಲಿರುವುದು 192.168.40.0ಯಿಂದ 192.168.40.255ರವರೆಗಿನ 256 ವಿಳಾಸ. ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದರೂ ಕೆಲಸ ನಡೆಯುತ್ತದೆ. ಆದರೆ ಆಗ ಲ್ಯಾಬಿನಿಂದ ಕಚೇರಿಯ ಕಂಪ್ಯೂಟರಿಗೂ ಕ್ಯಾಮೆರಾಗೂ ದಾರಿ ನೇರ. ನಡುವೆ ತಡೆದು ಕೇಳುವ ರೂಟರ್ ಇರುವುದಿಲ್ಲ. ಹಾಗಾಗಿ ಮೂರು ಸಬ್‌ನೆಟ್ ಬೇಕು.

ಸಬ್‌ನೆಟ್‌ನ ಗಾತ್ರ 16, 32, 64 ಹೀಗೆ ದುಪ್ಪಟ್ಟಾಗುತ್ತ ಹೋಗುತ್ತದೆ. ಮೊದಲ ವಿಳಾಸ ಆ ಸಬ್‌ನೆಟ್‌ನ ಗುರುತು, ಕೊನೆಯದು ಬ್ರಾಡ್‌ಕಾಸ್ಟ್. ಎರಡನ್ನೂ ಸಾಧನಗಳಿಗೆ ಕೊಡುವಂತಿಲ್ಲ. 64ರ ತುಂಡು 0, 64, 128 ಅಥವಾ 192ರಿಂದಲೇ ಶುರುವಾಗಬೇಕು. ಅದಕ್ಕೇ ದೊಡ್ಡ ಗುಂಪನ್ನು ಮೊದಲು ಕೂರಿಸುವುದು ಒಳ್ಳೆಯದು.

ಲ್ಯಾಬಿಗೆ 0ಯಿಂದ 63. ಮಾಸ್ಕ್ 255.255.255.192, 256ರಲ್ಲಿ 192 ಕಳೆದರೆ ತುಂಡಿನ ಗಾತ್ರ 64 ಸಿಗುತ್ತದೆ. ಕಚೇರಿಗೆ 64ರಿಂದ 95. ಕ್ಯಾಮೆರಾಗಳಿಗೆ 16ರ ತುಂಡು ಸಾಕೆನಿಸುತ್ತದೆ. ಎಣಿಸಿ ನೋಡಿ: ಸಿಗುವ 14 ವಿಳಾಸಗಳಲ್ಲಿ ಕ್ಯಾಮೆರಾಗಳಿಗೆ 12, ರೆಕಾರ್ಡರಿಗೆ 1, ಗೇಟ್‌ವೇಗೆ, ಅಂದರೆ ಹೊರಗಿನ ದಾರಿಯಾದ ರೂಟರಿಗೆ, 1. ಅಲ್ಲಿಗೆ ಭರ್ತಿ. ನಾಳೆ ಗೇಟಿನ ಬಳಿ ಇನ್ನೊಂದು ಕ್ಯಾಮೆರಾ ಹಾಕಿದರೆ ಜಾಗವಿಲ್ಲ. ಆದ್ದರಿಂದ 32ರ ತುಂಡನ್ನೇ ಕೊಡೋಣ: 96ರಿಂದ 127. ಇಷ್ಟಾದರೂ 128ರಿಂದಾಚೆಗಿನ ಅರ್ಧ ಖಾಲಿ. ಮುಂದೆ ವೈಫೈ ಬಂದರೆ ಮೊಬೈಲುಗಳಿಗೆ ಆಯಿತು.

ಇನ್ನು ಪ್ರಿಂಟರಿನ ವಿಷಯ. ಕಚೇರಿಯ ತುಂಡಿನಲ್ಲಿ 65 ಗೇಟ್‌ವೇಗೆ. 66ರಿಂದ 70ರವರೆಗೆ ಪ್ರಿಂಟರಿನಂಥ ಸ್ಥಿರ ಸಾಧನಗಳಿಗೆ, ಕೈಯಾರೆ ನಮೂದಿಸಿ. ರೂಟರಿನ ಡಿಎಚ್‌ಸಿಪಿಗೆ 71ರಿಂದ 94 ಮಾತ್ರ ಬಿಡಿ. ಆಗ ರೂಟರ್ ತಾನಾಗಿ ಹಂಚುವ ವಿಳಾಸ ಪ್ರಿಂಟರಿನದಕ್ಕೆ ಡಿಕ್ಕಿ ಹೊಡೆಯುವುದಿಲ್ಲ.

ವಿಳಾಸ ಬೇರೆ ಮಾಡಿದ ಮಾತ್ರಕ್ಕೆ ರಕ್ಷಣೆ ಸಿಗದು. ಸ್ವಿಚ್‌ನಲ್ಲಿ ಮೂರು ವಿಎಲ್ಎಎನ್ (ಒಂದೇ ಸ್ವಿಚ್ಚಿನೊಳಗಿನ ಪ್ರತ್ಯೇಕ ಜಾಲಗಳು) ಮಾಡಿ, ಯಾರು ಯಾರನ್ನು ತಲುಪಬಹುದೆಂಬ ನಿಯಮವನ್ನು ರೂಟರಿನಲ್ಲಿ ಬರೆಯಲೇಬೇಕು. 192.168.1ರ ಶ್ರೇಣಿಯನ್ನು ಆದಷ್ಟು ದೂರವಿಡಿ. ಹಲವು ಮನೆಗಳ ರೂಟರ್‌ಗಳಲ್ಲೂ ಅದೇ ಇರುವುದರಿಂದ, ಮನೆಯಿಂದ ವಿಪಿಎನ್ ಮೂಲಕ ಬರುವವರಿಗೆ ಗೋಜಲಾಗುತ್ತದೆ.

ಇಷ್ಟಕ್ಕೂ ಬೇಕಾದದ್ದು ಒಂದು ಹಾಳೆ, ಅರ್ಧ ದಿನದ ವ್ಯವಧಾನ. ಯಾವ ತುಂಡು ಯಾರಿಗೆ, ಗೇಟ್‌ವೇ ಯಾವುದು, ಸ್ಥಿರ ವಿಳಾಸಗಳು ಯಾವುವು ಎಂದು ಬರೆದಿಡಿ, ಬದಲಾದಾಗಲೆಲ್ಲ ತಿದ್ದಿ. ನಿಮ್ಮ ನಂತರ ಈ ನೆಟ್‌ವರ್ಕ್ ನೋಡಿಕೊಳ್ಳುವವರು ಒಂದೊಂದು ಕೇಬಲನ್ನೂ ಕಿತ್ತು ಪರೀಕ್ಷಿಸುವ ಪಾಡು ತಪ್ಪುತ್ತದೆ.