23ನೇ ಚಾನೆಲ್‌ನಲ್ಲಿ ಗರಗರ ಎನ್ನುವವರು ಯಾರು?

ಅಮೆರಿಕದ ಹೆದ್ದಾರಿಗಳಲ್ಲಿ ದೂರದೂರಕ್ಕೆ ಲಾರಿ ಓಡಿಸುವವರ ಬಳಿ ಪುಟ್ಟದೊಂದು ರೇಡಿಯೋ ಪೆಟ್ಟಿಗೆ ಇರುವುದು ಹಳೆಯ ವಾಡಿಕೆ. ಗುಂಡಿ ಒತ್ತಿ ಮಾತನಾಡಿದರೆ ಹಿಂದೆ ಮುಂದೆ ಬರುತ್ತಿರುವ ವಾಹನದವರಿಗೆಲ್ಲ ಕೇಳಿಸುತ್ತದೆ. ಮುಂದೆ ಅಪಘಾತವಾಗಿದೆ, ಮಂಜು ಕವಿದಿದೆ, ಊಟಕ್ಕೆ ಎಲ್ಲಿ ನಿಲ್ಲಿಸುವುದು ಒಳ್ಳೆಯದು... ಹೀಗೆ ಸಾಗುತ್ತದೆ ಅವರ ಹರಟೆ. ಇದೇ ಸಿಟಿಜನ್ಸ್ ಬ್ಯಾಂಡ್, ಚುಟುಕಾಗಿ ಸಿ.ಬಿ. ರೇಡಿಯೋ. ಇದಕ್ಕೆ ಪರೀಕ್ಷೆ ಬರೆಯಬೇಕಿಲ್ಲ, ಪರವಾನಗಿ ಪಡೆಯಬೇಕಿಲ್ಲ. ಒಟ್ಟು 40 ಚಾನೆಲ್‌ಗಳಿವೆ. ಯಾವುದೂ ಯಾರೊಬ್ಬರ ಸ್ವತ್ತೂ ಅಲ್ಲ.

ಆದರೆ ತಿರುಗಣೆಯನ್ನು 23ಕ್ಕೆ ತಂದರೆ ಕೆಲವೆಡೆ ಮಾತಿನ ಬದಲು ‘ಗರ್‌ರ್... ಗರ್‌ರ್...’ ಎಂಬ ಸದ್ದು ಕೇಳಿಬರುವುದುಂಟು. ಕ್ಷಣಕಾಲ ಬಂದು ನಿಲ್ಲುತ್ತದೆ, ಮತ್ತೆ ಬರುತ್ತದೆ. ಹೊಸಬರಿಗೆ ಸಿಟ್ಟು ಬರುವುದು ಸಹಜ. ‘ಸಿ.ಬಿ.ಯಲ್ಲಿ ಸಾಮಾನ್ಯ ಮಾತಿಗೆ 4 ವ್ಯಾಟ್ ಮಿತಿ ಇದೆಯಲ್ಲ, ಇದು ಯಾರೋ ಕಿಡಿಗೇಡಿಯ ಕೆಲಸ’ ಎಂದುಕೊಳ್ಳುತ್ತಾರೆ. ಆದರೆ ಅದು ಕಿಡಿಗೇಡಿಯದೇ ಆಗಬೇಕಿಲ್ಲ!

ಮೊದಲೇ ಇದ್ದವರು

23ನೇ ಚಾನೆಲ್‌ನ ಕಂಪನಾಂಕ 27.255 ಮೆಗಾಹರ್ಟ್ಸ್. ಇದೇ ಕಂಪನಾಂಕವನ್ನು 1950ರ ದಶಕದ ಆರಂಭದಲ್ಲೇ ಅಮೆರಿಕ ಸರ್ಕಾರ ರೇಡಿಯೋ ನಿಯಂತ್ರಣಕ್ಕೆ, ಅಂದರೆ ಮಾದರಿ ವಿಮಾನ, ದೋಣಿ ಮತ್ತಿತರ ಸಾಧನಗಳನ್ನು ದೂರದಿಂದ ನಡೆಸುವುದಕ್ಕೆ ಬಿಟ್ಟುಕೊಟ್ಟಿತ್ತು. 27 ಮೆಗಾಹರ್ಟ್ಸ್‌ನಲ್ಲಿ ಮಾತಿಗೆ 23 ಚಾನೆಲ್‌ಗಳು ಸಿಕ್ಕಿದ್ದು 1958ರಲ್ಲಿ. ಹಾಗಾಗಿ ಇಲ್ಲಿ ಆಮೇಲೆ ಬಂದದ್ದು ಮಾತು, ಮೊದಲೇ ಇದ್ದದ್ದು ಗರಗರ!

ಆ ಸದ್ದು ಯಂತ್ರಕ್ಕೆ ಕಳಿಸುವ ಆಜ್ಞೆ. ‘ಶುರುವಾಗು’, ‘ನಿಲ್ಲು’, ‘ಎಡಕ್ಕೆ ತಿರುಗು’ ಎಂಬುದನ್ನೆಲ್ಲ ಮಿಡಿತಗಳ ಸಂಕೇತವಾಗಿ ಕಳಿಸುತ್ತಾರೆ. ಮಾತಿಗೆಂದು ಮಾಡಿದ ರೇಡಿಯೋ ಅದನ್ನು ಬರೀ ಸದ್ದಾಗಿ ನುಡಿಸುತ್ತದೆ. ಇನ್ನೊಂದು ವಿಶೇಷವೆಂದರೆ, ರೇಡಿಯೋ ನಿಯಂತ್ರಣಕ್ಕಿರುವ ಅಕ್ಕಪಕ್ಕದ ಕಂಪನಾಂಕಗಳಲ್ಲಿ 4 ವ್ಯಾಟ್ ಮಿತಿಯಿದ್ದರೆ, 27.255ರಲ್ಲಿ ಮಾತ್ರ 25 ವ್ಯಾಟ್‌ವರೆಗೂ ಅನುಮತಿ ಇದೆ.

ಇಲ್ಲೊಂದು ಒಗಟೂ ಇದೆ. 22ನೇ ಚಾನೆಲ್ 27.225 ಆದರೆ 24 ಮತ್ತು 25ನೆಯವು 27.235 ಮತ್ತು 27.245. ಅಂದರೆ 22 ಮತ್ತು 23ರ ನಡುವೆ 24, 25 ಬಂದು ಕುಳಿತಿವೆ! 1977ರಲ್ಲಿ ಚಾನೆಲ್‌ಗಳನ್ನು 23ರಿಂದ 40ಕ್ಕೆ ಏರಿಸಿದಾಗ, ನಡುವೆ ಖಾಲಿ ಉಳಿದಿದ್ದ ಎರಡು ಜಾಗಗಳನ್ನೂ ತುಂಬಿದ್ದೇ ಇದಕ್ಕೆ ಕಾರಣ.

25 ವ್ಯಾಟ್ ಎಂದರೆ ಎಷ್ಟು?

4 ವ್ಯಾಟ್‌ಗೆ ಹೋಲಿಸಿದರೆ 25 ವ್ಯಾಟ್ 6.25 ಪಟ್ಟು. ಹಾಗೆಂದು ಸಂಕೇತ 6.25 ಪಟ್ಟು ದೂರ ಹೋಗುವುದಿಲ್ಲ. ದೂರ ಎರಡರಷ್ಟಾದರೆ ತಲುಪುವ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 6.25ರ ವರ್ಗಮೂಲ ತೆಗೆಯಬೇಕು. ಅಡೆತಡೆಯಿಲ್ಲದ ಬಯಲಲ್ಲಿ ದೂರ ಹೆಚ್ಚುವುದು ಎರಡೂವರೆ ಪಟ್ಟು ಮಾತ್ರ. ಗುಡ್ಡ, ಕಟ್ಟಡ, ಆಂಟೆನಾದ ಎತ್ತರ ಇವು ಲೆಕ್ಕವನ್ನು ಮತ್ತೂ ಬದಲಿಸುತ್ತವೆ.

ಹಾಗಾದರೆ ಎಲ್ಲರೂ ಶಕ್ತಿ ಹೆಚ್ಚಿಸಿಕೊಂಡರೇನು? ಈ ಪ್ರಶ್ನೆಯಲ್ಲೇ ಇದೆ ಅಪಾಯ. 1973ರ ತೈಲ ಬಿಕ್ಕಟ್ಟಿನ ನಂತರ ಸಿ.ಬಿ. ಹುಚ್ಚು ಅಮೆರಿಕದಲ್ಲೆಲ್ಲ ಹಬ್ಬಿತು. ಮನೆಯ ಟಿ.ವಿ. ಪರದೆಯ ಮೇಲೆ ಗೆರೆಗಳು ಮೂಡತೊಡಗಿದವು. 27ರ ಎರಡರಷ್ಟು 54. ಅಲ್ಲಿನ 2ನೇ ಟಿ.ವಿ. ಚಾನೆಲ್ ಶುರುವಾಗುತ್ತಿದ್ದುದೇ 54 ಮೆಗಾಹರ್ಟ್ಸ್‌ನಿಂದ! ನೂರಾರು ವ್ಯಾಟ್‌ನ ಆಂಪ್ಲಿಫಯರ್ ಹಚ್ಚಿದರಂತೂ ಅದರ ದನಿ ಅಕ್ಕಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ. 9ನೇ ಚಾನೆಲ್ ತುರ್ತು ಕರೆಗೆಂದೇ ಮೀಸಲು. ರಸ್ತೆಯಂಚಿನಲ್ಲಿ ಗಾಯಗೊಂಡವನ 4 ವ್ಯಾಟ್ ಕೂಗು ಇನ್ನೊಬ್ಬನ ಅಬ್ಬರದಲ್ಲಿ ಮುಳುಗಿಹೋದರೆ ಹೊಣೆ ಯಾರು? ಅದಕ್ಕೇ ಅಲ್ಲಿ ಸಿ.ಬಿ. ಸೆಟ್ಟಿಗೆ ಆಂಪ್ಲಿಫಯರ್ ಜೋಡಿಸುವುದು ಕಾನೂನುಬಾಹಿರ.

ಆಸ್ಪತ್ರೆ, ರೈಲು, ಆಟಿಕೆ

ಈ 27 ಮೆಗಾಹರ್ಟ್ಸ್ ಪಟ್ಟಿ ಊರ ಗೋಮಾಳವಿದ್ದಂತೆ; ಇಲ್ಲಿಗೆ ಬರುವವರು ಇನ್ನೂ ಇದ್ದಾರೆ. ಬೆನ್ನು, ಮಂಡಿ ನೋವಿಗೆ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ ಯಂತ್ರ 27.12ರಲ್ಲಿ ಕೆಲಸ ಮಾಡುತ್ತದೆ. ಯುರೋಪಿನ ರೈಲುಗಳು ಹಳಿಗಳ ನಡುವಿನ ‘ಯುರೋಬಲೀಸ್’ ಎಂಬ ಸುರಕ್ಷಾ ಸಾಧನವನ್ನು 27.095ರ ತರಂಗದಿಂದ ಎಚ್ಚರಿಸುತ್ತವೆ. ವಿದ್ಯುತ್ ತಂತಿಯೇ ಇಲ್ಲದ ಆ ಸಾಧನ, ಮೇಲೆ ಹಾದುಹೋಗುವ ರೈಲಿನಿಂದಲೇ ಶಕ್ತಿ ಪಡೆದು ಮಾಹಿತಿಯನ್ನು ಹಿಂದಕ್ಕೆ ಕಳಿಸುತ್ತದೆ.

ನಮ್ಮ ದೇಶದಲ್ಲೂ 2005ರ ನಿಯಮಗಳು 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, ಒಳಗೇ ಆಂಟೆನಾ ಇರುವ 5 ವ್ಯಾಟ್‌ವರೆಗಿನ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿದವು. ಷರತ್ತು ಸರಳ: ಬೇರೆಯವರಿಗೆ ತೊಂದರೆ ಕೊಡಬಾರದು; ಬೇರೆಯವರಿಂದ ತೊಂದರೆಯಾದರೆ ರಕ್ಷಣೆ ಕೇಳುವಂತಿಲ್ಲ. ಅಮೆರಿಕದ 25 ವ್ಯಾಟ್ ಮಾತು ಇಲ್ಲಿ ನಡೆಯದು. ಮಕ್ಕಳು ಹೆಚ್ಚು ಶಕ್ತಿಯ ರೇಡಿಯೋ ಬೇಕೆಂದು ಹಟ ಹಿಡಿದರೆ, ಹ್ಯಾಮ್ ಪರೀಕ್ಷೆ ಬರೆಸಿ ಪರವಾನಗಿ ಕೊಡಿಸುವುದೇ ಸರಿಯಾದ ದಾರಿ.

27 ಮೆಗಾಹರ್ಟ್ಸ್‌ನ ಒಂದೇ ಬಗೆಯ ಎರಡು ಆಟಿಕೆ ಕಾರುಗಳನ್ನು ಅಣ್ಣ ತಮ್ಮ ಅಂಗಳಕ್ಕೆ ತಂದರೆಂದುಕೊಳ್ಳಿ. ಅಣ್ಣ ಗುಂಡಿ ಒತ್ತಿದರೆ ತಮ್ಮನ ಕಾರೂ ಓಡುತ್ತದೆ, ಜಗಳ ಶುರು! ಅಲ್ಲಿ ಪರಿಹಾರ ಒಂದೇ, ಸರದಿಯಂತೆ ಆಡುವುದು. ಅಪರಿಚಿತ ಸದ್ದು ಕೇಳಿದೊಡನೆ ತಪ್ಪು ಹೊರಿಸದೆ, ಅದಕ್ಕೂ ಇಲ್ಲಿ ಹಕ್ಕಿದೆಯೇ ಎಂದು ಮೊದಲು ವಿಚಾರಿಸುವುದು ಅದರ ಮುಂದಿನ ಪಾಠ.